ಮಾತಿಗೆ ಎದುರುಮಾತು ಸಿಗುವಲ್ಲಿ

ಅಕ್ಷರದ ಹೊರತು ಬೇರೇನೂ ಇಲ್ಲದ ಆನ್‌ಲೈನ್ ಪಾತ್ರಾಭಿನಯದ ಆಟಗಳಲ್ಲಿ ನಾನು ಕಳೆದ ವರ್ಷಗಳನ್ನು ಈಗ ನೆನೆದುಕೊಂಡರೆ, ಆಡಿದ ಕಾಳಗಗಳಿಗಿಂತ, ಓಡಾಡಿದ ಕಾಲ್ಪನಿಕ ಊರುಗಳಿಗಿಂತ ಮೊದಲು ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಬಂದವರಲ್ಲಿ ಕೆಲವರು ವರ್ಷಗಟ್ಟಲೆ ಉಳಿದರು, ಬಹಳ ಮಂದಿ ವಾರದೊಳಗೆ ಮಾಯವಾದರು. ಯಾಕೆ? ಆಟ ನಡೆಸುವವರ ನಡುವೆ ಇದರಷ್ಟು ಚರ್ಚೆಯಾದ ವಿಷಯ ಇನ್ನೊಂದಿರಲಿಲ್ಲ. ಆಟಗಾರರು ಕಡಿಮೆಯಾದರು ಎಂದ ಕೂಡಲೇ ಹೊಸ ಖಂಡವೊಂದನ್ನು ಕಟ್ಟೋಣ, ಬಹುಮಾನ ಇಡೋಣ, ತಿಂಗಳಿಗೆ ಇಷ್ಟು ಸಲ ಬರಲೇಬೇಕೆಂದು ನಿಯಮ ಮಾಡೋಣ ಎಂಬ ಸಲಹೆಗಳು ಸಾಲುಗಟ್ಟುತ್ತಿದ್ದವು. ಈ ಮೂರನ್ನೂ ಮಾಡಿ ನೋಡಿದ ಆಟಗಳನ್ನು ಒಳಗಿನಿಂದ ಕಂಡ ಮೇಲೆ ನನ್ನಲ್ಲಿ ಗಟ್ಟಿಯಾಗಿ ಉಳಿದ ಅಭಿಪ್ರಾಯ ಇದು: ಆಟಗಾರ ಉಳಿಯುವುದು ತನ್ನ ಮಾತಿಗೆ ಇನ್ನೊಬ್ಬರಿಂದ ಉತ್ತರ ಬರುತ್ತದೆ ಎಂಬ ನಂಬಿಕೆಯಿಂದ. ಆ ನಂಬಿಕೆ ಇರುವ ತನಕ ಆಟದ ಎಷ್ಟೋ ಕೊರತೆಗಳನ್ನು ಆತ ಸಹಿಸಿಕೊಳ್ಳುತ್ತಾನೆ. ಅದು ಹೋದ ಮೇಲೆ ಏನು ಕೊಟ್ಟರೂ ನಿಲ್ಲುವುದಿಲ್ಲ.

ಈ ಆಟಗಳನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಅಲ್ಲಿನ ಪಿಡಿಪಿ-10 ಕಂಪ್ಯೂಟರಿನ ಮೇಲೆ ಮಲ್ಟಿ-ಯೂಸರ್ ಡಂಜನ್ ಎಂಬುದನ್ನು ಬರೆಯತೊಡಗಿದ. 1980ರಲ್ಲಿ ಅದು ಅವನ ಗೆಳೆಯ ರಿಚರ್ಡ್ ಬಾರ್ಟಲ್‌ನ ಕೈಗೆ ಬಂತು. ಅದರ ಹೆಸರನ್ನೇ ಚಿಕ್ಕದು ಮಾಡಿ ಇಡೀ ಜಾತಿಯ ಆಟಗಳನ್ನು ಮಡ್ ಎಂದು ಕರೆಯುವುದು ರೂಢಿಯಾಯಿತು. ನೀವು ಇರುವ ಕೋಣೆಯ ವರ್ಣನೆ ತೆರೆಯ ಮೇಲೆ ಮೂಡುತ್ತದೆ. ಅಲ್ಲಿ ಇನ್ನು ಯಾರಿದ್ದಾರೆ ಎಂಬುದು ಅದರ ಕೆಳಗೆ. ನೀವು ಟೈಪ್ ಮಾಡಿದ್ದು ಅದೇ ಕೋಣೆಯಲ್ಲಿರುವ, ಬೇರೆ ಯಾವುದೋ ದೇಶದಲ್ಲಿ ಕುಳಿತ ಇನ್ನೊಬ್ಬರಿಗೆ ಆ ಕ್ಷಣವೇ ಕಾಣುತ್ತದೆ. ಭಾರತದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಅಗ್ಗಕ್ಕೆ ಸಿಗುತ್ತಿದ್ದುದು ಶೆಲ್ ಖಾತೆ. ಅದರಲ್ಲಿ ಚಿತ್ರಗಳಿಲ್ಲ, ಬರೀ ಅಕ್ಷರ. ಬೇರೆಯವರಿಗೆ ಬಡತನವಾಗಿ ಕಂಡ ಆ ಖಾತೆಯೇ ಈ ಆಟಗಳಿಗೆ ಹೇಳಿ ಮಾಡಿಸಿದಂತಿತ್ತು. ಟೆಲ್ನೆಟ್ ಎಂದು ಬರೆದು ಒಂದು ವಿಳಾಸ ಕೊಟ್ಟರೆ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದವನೂ ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಯಂತ್ರದೊಳಗಿನ ಊರಿಗೆ ಹೋಗಿ ಇಳಿಯಬಹುದಿತ್ತು.

ಒಂದು ಆಟ ಜೀವಂತವಾಗಿದೆಯೋ ಇಲ್ಲವೋ ತಿಳಿಯಲು ಅದರ ಕಥೆಯನ್ನಾಗಲಿ ನಕಾಶೆಯನ್ನಾಗಲಿ ನೋಡಬೇಕಿಲ್ಲ. ಸದ್ಯ ಯಾರು ಯಾರಿದ್ದಾರೆ ಎಂದು ತೋರಿಸುವ ಪಟ್ಟಿ ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದನ್ನು ನೋಡಬೇಕು. ಎಡಗಡೆ ಹೆಸರು, ಅದರ ಪಕ್ಕದಲ್ಲಿ ಆ ವ್ಯಕ್ತಿ ಒಳಬಂದು ಎಷ್ಟು ಹೊತ್ತಾಯಿತು, ಅದರ ಪಕ್ಕದಲ್ಲಿ ಆತ ಕೀಲಿಮಣೆ ಮುಟ್ಟದೆ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಈ ಮೂರನೆಯ ಲೆಕ್ಕಕ್ಕೆ ‘ಐಡಲ್’ ಎನ್ನುತ್ತಾರೆ. ಪಟ್ಟಿಯಲ್ಲಿ ಮೂವತ್ತು ಹೆಸರಿದ್ದು ಇಪ್ಪತ್ತೈದರ ಮುಂದೆ ಎರಡು ಗಂಟೆ, ಏಳು ಗಂಟೆ, ಒಂದು ದಿನ ಎಂದಿದ್ದರೆ ಆ ಆಟ ಮೇಲ್ನೋಟಕ್ಕೆ ತುಂಬಿದೆ, ಒಳಗೆ ಖಾಲಿ. ಸಂಪರ್ಕ ಬಿಡದೆ ಇಟ್ಟುಕೊಂಡು ತಮ್ಮ ಕೆಲಸಕ್ಕೆ ಹೋದವರು ಅವರೆಲ್ಲ. ಹೊಸಬನೊಬ್ಬ ಆ ಹೊತ್ತಿಗೆ ಬಂದು, ಪಟ್ಟಿ ನೋಡಿ, ಚಾವಡಿಗೆ ಹೋಗಿ ನಮಸ್ಕಾರ ಹೇಳುತ್ತಾನೆ. ಚಾವಡಿಯಲ್ಲಿ ಆರು ಪಾತ್ರಗಳು ನಿಂತಿವೆ, ಒಂದೂ ಮಾತಾಡುವುದಿಲ್ಲ. ಹತ್ತು ನಿಮಿಷ ಕಾದು ಅವನು ಹೊರಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅವನು ಯಾಕೆ ಹೋದ ಎಂದು ಯಾರೂ ಅವನನ್ನು ಕೇಳುವುದಿಲ್ಲ, ಯಾಕೆಂದರೆ ಅವನು ಬಂದದ್ದೇ ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಹೋಲಿಸಿದರೆ ಎಂಟೇ ಹೆಸರಿದ್ದು, ಎಂಟರ ಮುಂದೆಯೂ ಒಂದು ನಿಮಿಷ, ಅರ್ಧ ನಿಮಿಷ ಎಂದು ತೋರಿಸುವ ಪಟ್ಟಿ ಶ್ರೀಮಂತವಾದದ್ದು. ಸಂಖ್ಯೆ ಮುಖ್ಯವಲ್ಲ ಎನ್ನುತ್ತಿಲ್ಲ. ಇಬ್ಬರಿಗಿಂತ ಕಡಿಮೆಯಾದರೆ ಆಟವೇ ಇಲ್ಲ. ಆದರೆ ಎಣಿಸಬೇಕಾದದ್ದು ಒಳಗಿರುವವರನ್ನಲ್ಲ, ಉತ್ತರ ಕೊಡುತ್ತಿರುವವರನ್ನು.

ಉತ್ತರ ಎಂದಾಗ ನನ್ನ ಮನಸ್ಸಿನಲ್ಲಿರುವುದು ಬರೀ ಶಿಷ್ಟಾಚಾರದ ಮಾತಲ್ಲ. ಪಾತ್ರಾಭಿನಯದ ಮಡ್‌ಗಳಲ್ಲಿ, ಅದರಲ್ಲೂ ಮಷ್ ಎಂದು ಕರೆಯುವ ಬಗೆಯವುಗಳಲ್ಲಿ, ಆಟವೆಂದರೆ ಪಾತ್ರದ ಮಾತು ಮತ್ತು ಚಲನೆಯನ್ನು ಒಂದೆರಡು ವಾಕ್ಯಗಳಲ್ಲಿ ಬರೆದು ಎದುರಿಗಿರುವವರ ಮುಂದೆ ಇಡುವುದು. ಅದಕ್ಕೆ ‘ಪೋಸ್’ ಎಂಬ ಹೆಸರು. ಹೀಗೊಂದು ಪೋಸ್ ಬಂತೆನ್ನಿ: “ವೀರ ಮೂಲೆಯ ಬೆಂಚಿನ ಮೇಲೆ ಕುಳಿತು, ಕತ್ತಲೆಯಂತಹ ತನ್ನ ಗತಕಾಲವನ್ನು ನೆನೆಯುತ್ತ ಮೌನವಾಗಿ ಮದ್ಯ ಹೀರುತ್ತಾನೆ.” ಬರೆದವನಿಗೆ ತನ್ನ ಪಾತ್ರ ಬಹಳ ಗಂಭೀರವಾಗಿ ಕಂಡಿರುತ್ತದೆ. ಎದುರಿಗಿರುವವರಿಗೆ ಹಿಡಿಯಲು ಇಲ್ಲಿ ಒಂದು ಎಳೆಯೂ ಇಲ್ಲ. ಅವನ ಗತಕಾಲ ಅವರಿಗೆ ಕಾಣುವುದಿಲ್ಲ, ಅವನ ಮೌನಕ್ಕೆ ಮರುಮಾತು ಹೇಳಲಾಗುವುದಿಲ್ಲ. ಅದೇ ಪಾತ್ರವನ್ನು ಹೀಗೆ ಬರೆಯಬಹುದಿತ್ತು: “ವೀರ ಒಳಬಂದವನೇ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು, ಹತ್ತಿರದ ಮೇಜಿನವಳ ಕಡೆ ನೋಡಿ, ‘ಯಾರಾದರೂ ಕೇಳಿದರೆ ನಾನು ಸಂಜೆಯಿಂದ ಇಲ್ಲೇ ಇದ್ದೆ ಅನ್ನಿ’ ಎನ್ನುತ್ತಾನೆ. ಅವನ ತೋಳಿನಿಂದ ನೀರು ತೊಟ್ಟಿಕ್ಕುತ್ತಿದೆ.” ಈಗ ಮೇಜಿನವಳಿಗೆ ಕೆಲಸ ಸಿಕ್ಕಿತು. ಸುಳ್ಳು ಹೇಳಬಹುದು, ಬೆಲೆ ಕೇಳಬಹುದು, ಕಾವಲುಗಾರನನ್ನು ಕೂಗಬಹುದು, ಮಳೆಯೇ ಇಲ್ಲದ ದಿನ ನೀನು ಒದ್ದೆಯಾದದ್ದು ಹೇಗೆ ಎನ್ನಬಹುದು. ಮೊದಲನೆಯ ಪೋಸ್ ಬರೆದವನಿಗೆ ಭಾಷೆ ಬರುವುದಿಲ್ಲವೆಂದಲ್ಲ. ಎಷ್ಟೋ ಸಲ ಅಂಥವರೇ ಸೊಗಸಾಗಿ ಬರೆಯುತ್ತಿದ್ದರು. ಬರೆದದ್ದಕ್ಕೆ ಉತ್ತರ ಬರುತ್ತಿರಲಿಲ್ಲ, ‘ಇಲ್ಲಿ ಯಾರೂ ಆಡುವುದಿಲ್ಲ’ ಎಂದು ಹೋಗಿಬಿಡುತ್ತಿದ್ದರು. ಅವರನ್ನು ಉಳಿಸಿಕೊಳ್ಳಲು ಬೇಕಿದ್ದುದು ಬಹುಮಾನವಲ್ಲ. ಎದುರಿನವರಿಗೆ ಬಾಗಿಲು ಬಿಟ್ಟು ಬರೆಯುವುದು ಹೇಗೆಂದು ಪಕ್ಕದಲ್ಲಿ ಕುಳಿತು ಕಲಿಸುವ ಒಬ್ಬರು ಬೇಕಿದ್ದರು.

ಕರಾವಳಿಯ ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯ ಹೆಚ್ಚಿಲ್ಲ, ತಾಳಮದ್ದಳೆ ಅವರ ಕಣ್ಣ ಮುಂದಿದೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಕೃಷ್ಣನೋ ವಾಲಿಯೋ ಆಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ನೆನೆಯುವವರು ಅವರ ಎದುರು ಯಾರು ಕುಳಿತಿದ್ದರು ಎಂಬುದನ್ನೂ ಸೇರಿಸಿಯೇ ನೆನೆಯುತ್ತಾರೆ. ಎದುರು ಅರ್ಥಧಾರಿ ಪ್ರಶ್ನೆ ಎತ್ತದೆ, ತನ್ನ ಸರದಿ ಬಂದಾಗ ತನ್ನ ಭಾಷಣವನ್ನು ಮಾತ್ರ ಒಪ್ಪಿಸಿದರೆ ಕೂಟ ಏಳುವುದಿಲ್ಲ. ಒಬ್ಬನೇ ಎಷ್ಟು ಪಂಡಿತನಾಗಿದ್ದರೂ ಅಷ್ಟೇ. ಮಡ್‌ಗಳಿಗೂ ತಾಳಮದ್ದಳೆಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಕೇಳುಗರ ಸಭೆ ಇಲ್ಲ. ಆಡುವವರೇ ಕೇಳುವವರು. ಹಾಗಾಗಿ ಎದುರಿನವನ ಉತ್ತರವೇ ಚಪ್ಪಾಳೆ, ಅದೇ ವಿಮರ್ಶೆ, ಅದೇ ಸಂಭಾವನೆ.

ದೊಡ್ಡ ಲೋಕ ಕಟ್ಟಿದರೆ ಜನ ಉಳಿಯುತ್ತಾರೆ ಎಂಬ ವಾದವನ್ನು ಟೈನಿಮಡ್‌ನ ಚರಿತ್ರೆ ಪರೀಕ್ಷೆ ಮಾಡಿ ತೋರಿಸಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್ನಸ್ 1989ರಲ್ಲಿ ತೆರೆದ ಆ ಆಟದಲ್ಲಿ ಕಾಳಗವೂ ಇರಲಿಲ್ಲ, ಅಂಕವೂ ಇರಲಿಲ್ಲ. ಬದಲಿಗೆ ಯಾರು ಬೇಕಾದರೂ ಕೋಣೆ ಕಟ್ಟಬಹುದಿತ್ತು. ಗೆಲ್ಲುವುದೇ ಇಲ್ಲದ ಆಟವನ್ನು ಯಾರು ಆಡುತ್ತಾರೆ ಎಂಬ ಅನುಮಾನಕ್ಕೆ ಜನವೇ ಉತ್ತರ ಕೊಟ್ಟರು, ನುಗ್ಗಿ ಬಂದರು. ಕಟ್ಟಿದರು, ಕಟ್ಟುತ್ತಲೇ ಹೋದರು. 1990ರ ವಸಂತದ ಹೊತ್ತಿಗೆ ದತ್ತಾಂಶ ಯಂತ್ರದ ಕೈಮೀರಿ ಬೆಳೆದು ಆಟ ಮುಚ್ಚಿತು. ಆ ಅಪಾರ ಕೋಣೆಗಳಲ್ಲಿ ಎಷ್ಟೋ, ಕಟ್ಟಿದವನನ್ನು ಬಿಟ್ಟರೆ ಇನ್ನಾರೂ ಕಾಲಿಡದವು. ಜನ ಸೇರುತ್ತಿದ್ದುದು ಕೈಬೆರಳೆಣಿಕೆಯ ಜಾಗಗಳಲ್ಲಿ. ಇದರಿಂದ ನಾನು ತೆಗೆಯುವ ತೀರ್ಮಾನ ಎರಡು. ಬಹುಮಾನವಿಲ್ಲದೆಯೂ ಜನ ಬರುತ್ತಾರೆ ಎಂಬುದು ಒಂದು. ಜಾಗ ಹೆಚ್ಚಿದಷ್ಟೂ ಇಬ್ಬರು ಎದುರಾಗುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು. ಸೊರಗುತ್ತಿರುವ ಆಟಕ್ಕೆ ಹೊಸ ಖಂಡ ಸೇರಿಸುವವರು ಇದನ್ನೇ ಮರೆಯುತ್ತಾರೆ. ಹದಿನೈದು ಜನರಿರುವ ಒಂದೇ ಬೀದಿಯ ಊರಿಗೆ ಇನ್ನೂ ನಾಲ್ಕು ಬೀದಿ ಸೇರಿಸಿದರೆ ಪ್ರತಿ ಬೀದಿಯಲ್ಲಿ ಮೂವರು ಉಳಿಯುತ್ತಾರೆ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಬೀದಿಗಳನ್ನು ಮುಚ್ಚುವ ಕೆಲಸ. ಇದನ್ನು ಹೇಳಿದಾಗ ಕೋಣೆ ಕಟ್ಟಿದವರಿಗೆ ನೋವಾಗುತ್ತಿತ್ತು, ಆ ನೋವು ನ್ಯಾಯವಾದದ್ದೇ; ತಿಂಗಳುಗಟ್ಟಲೆ ಕುಳಿತು ಬರೆದ ವರ್ಣನೆಗಳು ಅವು. ಆದರೂ ಬಾಗಿಲಿಗೆ ಬೀಗ ಹಾಕಿದ ಮೇಲೆ ಚಾವಡಿಯಲ್ಲಿ ಮಾತು ಕೇಳಿಸತೊಡಗಿದ್ದನ್ನು ಹಲವು ಆಟಗಳಲ್ಲಿ ನೋಡಿದ್ದೇನೆ. ಈ ವಿಷಯದಲ್ಲಿ ಲ್ಯಾಂಬ್ಡಾಮೂ ಎಂಬ ಆಟದ ಬಾಗಿಲು ನನಗೆ ಬಹಳ ಇಷ್ಟ. ಝೆರಾಕ್ಸ್ ಸಂಸ್ಥೆಯ ಪಾರ್ಕ್ ಪ್ರಯೋಗಾಲಯದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ಶುರು ಮಾಡಿದ್ದು ಅದು. ಹೊಸಬ ಅಲ್ಲಿ ಕಣ್ಣು ಬಿಡುವುದು ಕೋಟು ತೂಗುಹಾಕುವ ಇಕ್ಕಟ್ಟಾದ ಕತ್ತಲೆಯ ಗೂಡಿನಲ್ಲಿ. ಬಾಗಿಲು ತೆರೆದು ಹೊರಗೆ ಬಂದರೆ ನೇರ ಪಡಸಾಲೆ, ಅಲ್ಲಿ ಜನ. ನಕಾಶೆ, ಪಾಠ, ಪೀಠಿಕೆ ಯಾವುದಕ್ಕೂ ಮೊದಲು ಅವನು ಇನ್ನೊಬ್ಬರ ಮಾತಿನ ನಡುವೆ ಬಿದ್ದಿರುತ್ತಾನೆ. ಎಷ್ಟೋ ಆಟಗಳು ಹೊಸಬನನ್ನು ಮೊದಲ ಅರ್ಧ ಗಂಟೆ ಒಬ್ಬಂಟಿಯಾಗಿ ಪಾಠದ ಕೋಣೆಗಳಲ್ಲಿ ಸುತ್ತಿಸುತ್ತವೆ. ಆ ಅರ್ಧ ಗಂಟೆಯಲ್ಲಿ ಕಳೆದುಕೊಂಡವರನ್ನು ಯಾವ ಉತ್ಸವವೂ ಮರಳಿ ತಂದುಕೊಟ್ಟಿಲ್ಲ.

ಹೊಸಬರನ್ನು ಹಿಡಿದಿಡುವುದರಲ್ಲಿ ನಾನು ಕಂಡ ಅತ್ಯಂತ ಜಾಣತನದ ಏರ್ಪಾಡು ಪರ್ನ್ ಆಟಗಳದು. ಆನ್ ಮೆಕ್ಯಾಫ್ರಿಯವರ ಕಾದಂಬರಿಗಳ ಪರ್ನ್ ಗ್ರಹದಲ್ಲಿ ಬೆಂಕಿಯುಗುಳುವ ಡ್ರ್ಯಾಗನ್‌ಗಳಿವೆ. ಮೊಟ್ಟೆಯೊಡೆದು ಬಂದ ಮರಿ, ಸುತ್ತ ನಿಂತ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು ಜೀವಮಾನದ ಜೊತೆಗಾರರಾಗಿ ಆರಿಸಿಕೊಳ್ಳುತ್ತದೆ. ತೊಂಬತ್ತರ ದಶಕದಲ್ಲಿ ಪರ್ನ್‌ಮಷ್ ಮತ್ತು ಅದರ ಹಿಂದೆ ಹುಟ್ಟಿದ ಹಲವು ಆಟಗಳು ಇದನ್ನೇ ತಮ್ಮ ಪಂಚಾಂಗ ಮಾಡಿಕೊಂಡವು. ಸವಾರರು ಊರೂರು ತಿರುಗಿ ಅಭ್ಯರ್ಥಿಗಳನ್ನು ಹುಡುಕಿ ತರುತ್ತಾರೆ. ಎಂದರೆ ಹೊಸ ಆಟಗಾರನನ್ನು ಹಳೆಯ ಆಟಗಾರನೊಬ್ಬ ಆಟದೊಳಗಿನ ಕಾರಣಕ್ಕಾಗಿಯೇ ಹುಡುಕಿಕೊಂಡು ಹೋಗಿ ಮಾತಾಡಿಸಬೇಕು. ಹೀಗೆ ಬಂದವರು ಒಂದೇ ಬಿಡಾರದಲ್ಲಿ ವಾರಗಟ್ಟಲೆ ಇರುತ್ತಾರೆ, ಒಟ್ಟಿಗೆ ಲಾಯ ಗುಡಿಸುತ್ತಾರೆ, ಜಗಳವಾಡುತ್ತಾರೆ, ಒಟ್ಟಿಗೆ ಹೆದರುತ್ತಾರೆ. ಮೊಟ್ಟೆಯೊಡೆಯುವ ದಿನ ಎಲ್ಲರೂ ಬಂದು ಸೇರುತ್ತಾರೆ. ಕಥೆಯ ರೋಮಾಂಚ ಆ ದಿನದ್ದು, ನಿಜ. ಆದರೆ ಆಟಗಾರರನ್ನು ಕಟ್ಟಿಹಾಕುತ್ತಿದ್ದುದು ಅದಕ್ಕೆ ಮೊದಲಿನ ಬಿಡಾರದ ವಾರಗಳು. ಒಂದೇ ಸಲ ಬಂದ ಹತ್ತು ಜನರಿಗೆ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುವುದು ಅಭ್ಯಾಸವಾಗುತ್ತಿತ್ತು. ಇದಕ್ಕೆ ಪುರಾವೆ ಅದೇ ಆಟಗಳ ಒಂದು ಕುಂದಿನಲ್ಲಿದೆ. ಡ್ರ್ಯಾಗನ್ ಸಿಕ್ಕ ಕೆಲವೇ ದಿನಗಳಲ್ಲಿ ಕಾಣೆಯಾಗುವವರು ಪ್ರತಿ ಸಲವೂ ಇದ್ದರು. ಒಂದು ಸಲಕ್ಕೆ ಒಂದೇ ಇರುವ ಬಂಗಾರದ ಬಣ್ಣದ ರಾಣಿ ಡ್ರ್ಯಾಗನ್ ಸಿಕ್ಕವರು ಮಾಯವಾದರೆ ಇಡೀ ಊರಿನ ಆಟ ನಿಂತುಹೋಗುತ್ತಿತ್ತು. ಆಟದಲ್ಲಿ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ, ಆದರೂ ಅದು ಸಿಕ್ಕವರು ಹೋದರು. ಬಣ್ಣದ ಆಸೆಯಿಂದ ಬಂದು ಬಿಡಾರದಲ್ಲಿ ಯಾರೊಡನೆಯೂ ಬೆರೆಯದವರು ಹೀಗೆ ಹೋಗುತ್ತಿದ್ದರು. ಏನೂ ಸಿಗದೆ ಉಳಿದ ಅಭ್ಯರ್ಥಿಗಳಲ್ಲಿ ಎಷ್ಟೋ ಮಂದಿ, ಗೆಳೆಯರಿದ್ದ ಕಾರಣಕ್ಕೆ, ಮುಂದಿನ ಮೊಟ್ಟೆಗಳ ತನಕ ಕಾದರು.

ಬಹುಮಾನದ ಬಗ್ಗೆ ಇಷ್ಟು ಹಗುರವಾಗಿ ಮಾತಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಬಲವಾದ ಉದಾಹರಣೆಯೂ ಇದೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದು 1991ರ ಹೊತ್ತಿಗೆ ಹೊರಬಿಟ್ಟ ಡಿಕುಮಡ್ ಪೂರ್ತಿ ನಿಂತಿರುವುದು ಮಟ್ಟ, ಅಂಕ, ಆಯುಧಗಳ ಮೇಲೆ. ಮಡ್‌ಗಳಲ್ಲಿ ಅದರಷ್ಟು ನಕಲಾದದ್ದು ಇನ್ನೊಂದಿಲ್ಲ. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಂಥ ದೊಡ್ಡ ಚಿತ್ರದಾಟಗಳಲ್ಲಿ ಅದರ ರಕ್ತವೇ ಹರಿಯುತ್ತಿದೆ. ಅಷ್ಟೇಕೆ, ಮೊದಲ ಮಡ್‌ನಲ್ಲೇ ಸಾಕಷ್ಟು ಅಂಕ ಗಳಿಸಿದವನು ವಿಝರ್ಡ್ ಆಗುತ್ತಿದ್ದ, ಆ ಪಟ್ಟಕ್ಕಾಗಿ ಜನ ರಾತ್ರಿಗಳನ್ನು ಸವೆಸುತ್ತಿದ್ದರು. ಈ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಉದಾಹರಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು ಎನ್ನುತ್ತೇನೆ. ಡಿಕುವಿನಲ್ಲಿ ಕತ್ತಿ ಹಿಡಿದವನಿಗೆ ಗಾಯ ಮಾಯಿಸುವ ವಿದ್ಯೆ ಇಲ್ಲ, ಮಾಯಿಸುವವನಿಗೆ ಏಟು ತಡೆಯುವ ಮೈ ಇಲ್ಲ. ಒಬ್ಬನಿಗೆ ಇನ್ನೊಬ್ಬ ಬೇಕೇ ಬೇಕು. ಸಂಜೆ ಎಂಟಕ್ಕೆ ನಾಲ್ವರು ಸೇರಿ ಗವಿಗೆ ಹೋಗುತ್ತಾರೆ ಎಂದಾದರೆ ಐದನೆಯ ದಿನ ಅವರಲ್ಲೊಬ್ಬ ಬರುವುದು ಮಟ್ಟಕ್ಕಾಗಿಯೋ ಉಳಿದ ಮೂವರು ಕಾಯುತ್ತಾರೆ ಎಂದೋ? ಮೇಲಿನ ಮಟ್ಟ ಮುಟ್ಟಿದ ಮೇಲೆ ಅಂಕದ ಸೆಳೆತ ಮುಗಿದುಹೋಗಬೇಕು. ಒಂಟಿಯಾಗಿ ಆಡಿದವರಿಗೆ ಮುಗಿಯುತ್ತಿತ್ತು ಕೂಡ. ಗುಂಪಿನಲ್ಲಿ ಆಡಿದವರು ಹೊಸ ಪಾತ್ರ ಮಾಡಿಕೊಂಡು ಅದೇ ಗೆಳೆಯರೊಡನೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಬಾರ್ಟಲ್‌ನ ವಿಝರ್ಡ್‌ಗಳೂ ಹಾಗೆಯೇ. ಪಟ್ಟ ಸಿಕ್ಕ ಮೇಲೆ ಗಳಿಸಲು ಏನೂ ಉಳಿಯುತ್ತಿರಲಿಲ್ಲ, ಆದರೆ ಆಟ ನಡೆಸುವ, ಬೇರೆಯವರಿಗೆ ನೆರವಾಗುವ, ಅವರನ್ನು ಕಾಡುವ ಅಧಿಕಾರ ಕೈಗೆ ಬರುತ್ತಿತ್ತು. ಬಹುಮಾನ ಒಬ್ಬನನ್ನು ಒಳಗೆ ಕರೆದು ತರಬಲ್ಲದು, ಒಂದಷ್ಟು ದಿನ ಓಡಿಸಬಲ್ಲದು. ಅದರಾಚೆಗೆ ಅವನನ್ನು ನಿಲ್ಲಿಸುವವರು ಬೇರೆ.

ಹಾಜರಿ ನಿಯಮದ ಬಗ್ಗೆ ನನ್ನ ತಕರಾರು ಇನ್ನೂ ಗಟ್ಟಿ. ಇಷ್ಟು ದಿನ ಬರದಿದ್ದರೆ ಪಾತ್ರ ರದ್ದು, ತಿಂಗಳಿಗೆ ಇಷ್ಟು ದೃಶ್ಯ ಆಡದಿದ್ದರೆ ಹುದ್ದೆ ಹೋಗುತ್ತದೆ ಎಂಬ ನಿಯಮಗಳು ಬಹಳ ಆಟಗಳಲ್ಲಿದ್ದವು. ಅವುಗಳ ಹಿಂದಿನ ಕಷ್ಟ ನಿಜವಾದದ್ದು. ಕೋಟೆಯ ಒಡೆಯನ ಪಾತ್ರದವನು ಮೂರು ತಿಂಗಳು ಬರದಿದ್ದರೆ ಕೋಟೆಯಲ್ಲಿ ಯಾರಿಗೂ ಆಟವಿಲ್ಲ, ಹಾಗಾಗಿ ಪ್ರಮುಖ ಪಾತ್ರಗಳನ್ನು ಹಿಂದಕ್ಕೆ ಪಡೆಯುವ ಹಕ್ಕು ಆಟಕ್ಕೆ ಇರಲೇಬೇಕು. ಆದರೆ ಅದೇ ನಿಯಮವನ್ನು ಎಲ್ಲರ ಮೇಲೂ ಹೇರಿದಾಗ ಆಗುತ್ತಿದ್ದುದು ಬೇರೆ. ತಿಂಗಳ ಕೊನೆಯ ಎರಡು ದಿನ ಪಟ್ಟಿ ತುಂಬಿಕೊಳ್ಳುತ್ತಿತ್ತು. ಬಂದವರು ಒಂದು ಪೋಸ್ ಹಾಕಿ, ಲೆಕ್ಕಕ್ಕೆ ಸೇರಿಸಿ, ಹೋಗುತ್ತಿದ್ದರು. ಅವರ ಪೋಸ್‌ಗೆ ಆಸೆಯಿಂದ ಉತ್ತರ ಬರೆದವನು ಖಾಲಿ ಕೋಣೆಯಲ್ಲಿ ಉಳಿಯುತ್ತಿದ್ದ. ಹೀಗೆ ನಿಯಮವು ಚಟುವಟಿಕೆಯ ಲೆಕ್ಕವನ್ನು ಏರಿಸಿ, ಉತ್ತರದ ನಂಬಿಕೆಯನ್ನು ಕೊಂದಿತು. ಪರೀಕ್ಷೆ, ಹೆರಿಗೆ, ಕೆಲಸ ಹೋದದ್ದು, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದದ್ದು, ಹೀಗೆ ಜನ ಕೆಲಕಾಲ ದೂರವಾಗಲು ನೂರು ಕಾರಣಗಳಿವೆ. ಅಂಥವರು ಮರಳಿ ಬಂದಾಗ ತಮ್ಮ ಪಾತ್ರ ಅಳಿಸಿಹೋಗಿರುವುದನ್ನು ಕಂಡರೆ ಅವರು ಮತ್ತೆ ಮೊದಲಿನಿಂದ ಶುರು ಮಾಡುವುದಿಲ್ಲ. ಉಳಿದವರಿಗಿಂತ ಹೆಚ್ಚು ಆಟ ಬಲ್ಲವರನ್ನು ಆಟವೇ ಹೊರಹಾಕಿದಂತಾಯಿತು. ಬಹಳ ದಿನ ಕಾಣದವರಿಗೆ ಹಳೆಯ ಜೊತೆಗಾರರೊಬ್ಬರು, ‘ನಿಮ್ಮ ತಂಗಿಯ ಪಾತ್ರ ಸೆರೆಮನೆಯಲ್ಲಿದೆ, ಬಿಡಿಸಲು ನೀವು ಬೇಕು’ ಎಂದು ಬರೆದ ನಾಲ್ಕು ಸಾಲು ಎಲ್ಲ ಎಚ್ಚರಿಕೆಯ ನೋಟಿಸುಗಳಿಗಿಂತ ಹೆಚ್ಚು ಜನರನ್ನು ಮರಳಿ ತಂದಿತು.

ಎಲ್ಲರಿಗೂ ಜೊತೆ ಬೇಕೆಂದು ಹೇಗೆ ಹೇಳುತ್ತೀರಿ, ಒಂಟಿಯಾಗಿ ಅಲೆಯುವವರಿಲ್ಲವೇ, ಇನ್ನೊಬ್ಬರನ್ನು ಕೊಲ್ಲಲೆಂದೇ ಬರುವವರಿಲ್ಲವೇ ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಆಧಾರವಾಗಿ ಎಲ್ಲರೂ ತೋರಿಸುವುದು ಬಾರ್ಟಲ್‌ನ 1996ರ ಪ್ರಬಂಧವನ್ನು. ಗಳಿಸುವವರು, ಅನ್ವೇಷಿಸುವವರು, ಬೆರೆಯುವವರು, ಕೊಲ್ಲುವವರು ಎಂದು ಆಟಗಾರರಲ್ಲಿ ನಾಲ್ಕು ಬಗೆ ಮಾಡಿದ ಪ್ರಬಂಧ ಅದು. ಈ ವಿಂಗಡಣೆ ಎಷ್ಟು ಹೆಸರಾಯಿತೆಂದರೆ, ಪ್ರಬಂಧದ ಉಳಿದ ಅರ್ಧವನ್ನು ಓದುವವರೇ ಕಡಿಮೆಯಾದರು. ಆ ಅರ್ಧದಲ್ಲಿರುವುದು ಒಂದು ಬಗೆಯವರು ಹೆಚ್ಚಾದರೆ, ಕಡಿಮೆಯಾದರೆ ಇನ್ನೊಂದು ಬಗೆಯವರು ಏನಾಗುತ್ತಾರೆ ಎಂಬ ವಿಚಾರ. ಕೊಲ್ಲುವವರು ಹೆಚ್ಚಿದರೆ ಬೆರೆಯುವವರು ಓಡುತ್ತಾರೆ. ಬೆರೆಯುವವರು ಕಡಿಮೆಯಾದರೆ ಅದೇ ಕಾರಣಕ್ಕೆ ಇನ್ನಷ್ಟು ಕಡಿಮೆಯಾಗುತ್ತಾರೆ. ಸ್ಥಿರವಾಗಿ ನಿಲ್ಲಬಲ್ಲ ಸ್ಥಿತಿಗಳಲ್ಲಿ ಒಂದಾಗಿ ಆತ ಆಟಗಾರರೇ ಇಲ್ಲದ ಮಡ್ಡನ್ನೂ ಸೇರಿಸಿದ್ದಾನೆ. ಅಂದರೆ ನಾಲ್ಕೂ ಬಗೆಯವರು ಪರಸ್ಪರ ಹೆಣೆದುಕೊಂಡಿದ್ದಾರೆ ಎಂಬುದೇ ಅಲ್ಲಿನ ವಾದ. ನನ್ನ ಅನುಭವವೂ ಅದೇ. ಗುಪ್ತದಾರಿ ಹುಡುಕುವವನು ಒಂಟಿಯಾಗಿ ಹುಡುಕುತ್ತಾನೆ, ನಿಜ. ಹುಡುಕಿದ್ದನ್ನು ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಅವನ ಉತ್ಸಾಹ ಬಹಳ ದಿನ ನಿಲ್ಲುವುದಿಲ್ಲ. ಕೊಲ್ಲಲು ಬಂದವನಿಗಂತೂ ಎದುರಾಳಿ ಇಲ್ಲದೆ ಆಟವೇ ಇಲ್ಲ. ಅವನು ಬಯಸುವ ಉತ್ತರ ಕಹಿಯಾದದ್ದು, ಅಷ್ಟೇ.

ಆ ಕಹಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ, ಯಾಕೆಂದರೆ ಉತ್ತರವೇ ಮುಖ್ಯ ಎಂಬ ನನ್ನ ವಾದವನ್ನು ಯಾವ ಉತ್ತರವಾದರೂ ಸರಿ ಎಂದು ಓದಿಕೊಳ್ಳಬಾರದು. ಲ್ಯಾಂಬ್ಡಾಮೂವಿನ ಆಡಳಿತಗಾರರು 1992ರ ಕೊನೆಯಲ್ಲಿ, ಇನ್ನು ಮುಂದೆ ತಾವು ಯಂತ್ರದ ಕೆಲಸವನ್ನಷ್ಟೇ ನೋಡಿಕೊಳ್ಳುತ್ತೇವೆ, ಜನರ ನಡುವಿನ ವ್ಯಾಜ್ಯಗಳಿಗೆ ಬರುವುದಿಲ್ಲ ಎಂದು ಹಿಂದೆ ಸರಿದರು. ಮರುವರ್ಷವೇ ಅದೇ ಪಡಸಾಲೆಯಲ್ಲಿ ಮಿಸ್ಟರ್ ಬಂಗಲ್ ಎಂಬ ಪಾತ್ರ, ಬೇರೆಯವರ ಪಾತ್ರಗಳು ತಾವಾಗಿಯೇ ಹೇಯವಾದ ಲೈಂಗಿಕ ಕೃತ್ಯಗಳನ್ನು ಮಾಡುತ್ತಿವೆ ಎಂದು ತೋರುವಂಥ ವಾಕ್ಯಗಳನ್ನು ಎಲ್ಲರೆದುರು ಹೊರಡಿಸಿತು. ಜೂಲಿಯನ್ ಡಿಬೆಲ್ ಅದನ್ನು 1993ರ ಡಿಸೆಂಬರಿನಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಜಗತ್ತಿಗೆ ತಿಳಿಯಿತು. ಆಟಗಾರರು ಸಭೆ ಸೇರಿ ಗಂಟೆಗಟ್ಟಲೆ ವಾದಿಸಿದರು, ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ಆಡಳಿತಗಾರರಲ್ಲೊಬ್ಬರು ತಾವೇ ಆ ಪಾತ್ರವನ್ನು ತೆಗೆದುಹಾಕಿದರು. ಆಮೇಲೆ ಮನವಿ, ಮತದಾನದ ಪದ್ಧತಿ ಬಂತು. 1996ರಲ್ಲಿ ಆಡಳಿತಗಾರರು ಆ ಪದ್ಧತಿಯೂ ಸಾಲದೆಂದು ಮತ್ತೆ ಅಧಿಕಾರ ಕೈಗೆತ್ತಿಕೊಂಡರು. ಅಕ್ಷರ ತಾನೆ, ಅದರಿಂದ ಏನು ನೋವು ಎನ್ನುವವರು ಈ ಲೋಕಗಳಲ್ಲಿ ಬದುಕಿದವರಲ್ಲ. ಪಾತ್ರದ ಬಾಯಲ್ಲಿ ಇನ್ನೊಬ್ಬ ಮಾತು ತುರುಕಿದರೆ ಅದು ಆಟಗಾರನ ಏಕೈಕ ಸ್ವತ್ತನ್ನು ಕಸಿದಂತೆ. ಆಟಗಾರರನ್ನು ಉಳಿಸಿಕೊಳ್ಳುವ ಉಪಾಯಗಳ ಪಟ್ಟಿ ಮಾಡುವವರು ಒಬ್ಬ ಕಾಟಗಾರನನ್ನು ‘ತುಂಬಾ ಸಕ್ರಿಯ’ ಎಂಬ ಕಾರಣಕ್ಕೆ ಸಹಿಸಿಕೊಂಡದ್ದನ್ನು ಬಹಳ ಕಡೆ ಕಂಡಿದ್ದೇನೆ. ಲೆಕ್ಕದಲ್ಲಿ ಅವನೊಬ್ಬನದೇ ನೂರು ಪೋಸ್ ಇರುತ್ತದೆ. ಅವನಿಂದಾಗಿ ಸದ್ದಿಲ್ಲದೆ ಹೋದ ಹತ್ತು ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರು, ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಆಡಳಿತದವರೇ ಕಥೆ ಕೊಡಲಿ, ಅವರೇ ದೃಶ್ಯ ನಡೆಸಲಿ ಎಂಬ ನಿರೀಕ್ಷೆ ಇನ್ನೊಂದು ಬಗೆಯ ಬಳಲಿಕೆಗೆ ದಾರಿ. ಎಲ್ಲ ಉತ್ತರವೂ ಮೇಲಿನಿಂದಲೇ ಬರಬೇಕಾದರೆ ಮೂವರು ಸ್ವಯಂಸೇವಕರು ಐವತ್ತು ಜನರಿಗೆ ಉತ್ತರಿಸಬೇಕು. ವರ್ಷದೊಳಗೆ ಅವರೇ ಮೊದಲು ಹೋಗುತ್ತಾರೆ. 1997ರಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಅಕೇಯಾ ಎಂಬ ಮಡ್‌ನಲ್ಲಿ ನಗರಗಳ, ಸಂಘಗಳ ಹುದ್ದೆಗಳು ಆಟಗಾರರ ಕೈಯಲ್ಲೇ ಇವೆ. ಹೊಸಬನಿಗೆ ಕೆಲಸ ಹೇಳುವವನೂ, ತಪ್ಪಿದರೆ ಗದರಿಸುವವನೂ, ಬಡ್ತಿ ಕೊಡುವವನೂ ಇನ್ನೊಬ್ಬ ಆಟಗಾರ. ಅದು ಹಣ ಮಾಡುವ ಆಟ, ಅದರ ವ್ಯಾಪಾರದ ಬಗ್ಗೆ ದೂರುಗಳಿರಬಹುದು. ಆದರೂ ಅದು ಇಷ್ಟು ವರ್ಷ ನಿಂತಿರುವುದರಲ್ಲಿ ಈ ಏರ್ಪಾಡಿನ ಪಾಲು ದೊಡ್ಡದೆಂದು ನಾನು ನಂಬುತ್ತೇನೆ.

ಉಳಿದಿರುವುದು ಅತ್ಯಂತ ಗಂಭೀರವಾದ ಆಕ್ಷೇಪ. ಯಾರೋ ಕಾಯುತ್ತಿದ್ದಾರೆ ಎಂಬ ಭಾವನೆಯಿಂದ ಜನರನ್ನು ಹಿಡಿದಿಡುವುದು ಬಹುಮಾನದ ಆಸೆ ತೋರಿಸುವುದಕ್ಕಿಂತ ಕ್ರೂರವಲ್ಲವೇ? ಅಂಕ ಬೇಡವೆಂದು ಎದ್ದು ಹೋಗಬಹುದು, ಗೆಳೆಯರನ್ನು ಬಿಟ್ಟು ಹೋಗುವುದು ಕಷ್ಟ. ಓದು ಹಾಳು ಮಾಡಿಕೊಂಡವರು, ನಿದ್ದೆ ಕಳೆದುಕೊಂಡವರು ಈ ಆಟಗಳಲ್ಲಿ ನಿಜವಾಗಿಯೂ ಇದ್ದರು. ಗಂಟೆ ಲೆಕ್ಕದಲ್ಲಿ ಹಣ ವಸೂಲಾಗುತ್ತಿದ್ದ ಕಾಲದಲ್ಲಿ, ಅಮೆರಿಕ ಆನ್‌ಲೈನ್ ಸಂಸ್ಥೆ 1996ರ ಡಿಸೆಂಬರಿನಲ್ಲಿ ತಿಂಗಳಿಗೆ 19.95 ಡಾಲರಿನ ಒಂದೇ ದರಕ್ಕೆ ಬರುವ ಮೊದಲು, ದೊಡ್ಡ ಬಿಲ್ಲು ಕಟ್ಟಿದವರೂ ಇದ್ದರು. ಈ ಆಕ್ಷೇಪವನ್ನು ತಳ್ಳಿಹಾಕಲಾರೆ. ಆದರೆ ಇದಕ್ಕೆ ಮದ್ದು ಉತ್ತರಗಳನ್ನು ಕಡಿಮೆ ಮಾಡುವುದಲ್ಲ, ಉತ್ತರದ ವೇಳೆಯನ್ನು ಹಿಗ್ಗಿಸುವುದು. ಒಳ್ಳೆಯ ಆಟಗಳು ದೃಶ್ಯಕ್ಕೆ ದಿನ, ಗಂಟೆ ಗೊತ್ತು ಮಾಡುತ್ತಿದ್ದವು. ಶನಿವಾರ ಅಮೆರಿಕದ ಪೂರ್ವ ತೀರದ ರಾತ್ರಿ ಒಂಬತ್ತಕ್ಕೆ ಎಂದು ಮೊದಲೇ ಹೇಳಿದರೆ, ಚಳಿಗಾಲದಲ್ಲಿ ಅದು ಬೆಂಗಳೂರಿನವನಿಗೆ ಭಾನುವಾರ ಬೆಳಿಗ್ಗೆ ಏಳೂವರೆ. ಅವನು ರಾತ್ರಿಯಿಡೀ ಕಾದು ಕೂರಬೇಕಿಲ್ಲ, ಎದ್ದು ಮುಖ ತೊಳೆದು ಬಂದರೆ ಸಾಕು. ಹತ್ತೂವರೆ ಗಂಟೆಯ ಈ ಅಂತರವೇ ಭಾರತದಿಂದ ಹೋದ ಎಷ್ಟೋ ಆಟಗಾರರನ್ನು ಬೇಗ ಸೋಲಿಸಿತು. ಅವರ ಸಂಜೆಯ ಹೊತ್ತಿಗೆ ಅಲ್ಲಿನವರು ಬೆಳಗಿನ ಕೆಲಸಕ್ಕೆ ಹೊರಟಿರುತ್ತಿದ್ದರು, ಪಟ್ಟಿಯ ತುಂಬ ಐಡಲ್ ಗಂಟೆಗಳು. ಅಂಥವರಿಗಾಗಿ ಕೆಲವು ಆಟಗಳು ನಿಧಾನದ ದೃಶ್ಯಗಳನ್ನು ಬಳಕೆಗೆ ತಂದವು. ಪಾತ್ರಗಳ ನಡುವೆ ಪತ್ರ ಬರೆಯುವುದು, ಒಂದು ಪೋಸ್‌ಗೆ ಒಂದು ದಿನದೊಳಗೆ ಉತ್ತರಿಸಿದರೆ ಸಾಕೆಂದು ಒಪ್ಪಿಕೊಳ್ಳುವುದು, ಇಂಥವು. ಜೊತೆಗೆ, ಹೋಗುವವರಿಗೆ ಹೋಗಲು ಮರ್ಯಾದೆಯ ದಾರಿಯೂ ಬೇಕು. ಪಾತ್ರವನ್ನು ದೂರದೇಶಕ್ಕೆ ಕಳಿಸುವ ದೃಶ್ಯವೊಂದನ್ನು ಗೆಳೆಯರೆಲ್ಲ ಸೇರಿ ಆಡಿ ಮುಗಿಸುವ ಪದ್ಧತಿ ಇದ್ದ ಆಟಗಳಲ್ಲಿ, ಆ ದೃಶ್ಯ ಆಡಿ ಹೋದವರು ಒಂದೆರಡು ವರ್ಷ ಬಿಟ್ಟು ಮರಳಿ ಬಂದು, ತಮ್ಮ ಪಾತ್ರ ಹಡಗಿನಿಂದ ಇಳಿಯಿತು ಎಂದು ಒಂದು ಪೋಸ್ ಹಾಕುತ್ತಿದ್ದರು. ಹೇಳದೆ ಕೇಳದೆ ಜಾರಿಕೊಳ್ಳಬೇಕಾಗಿ ಬಂದವರು ನಾಚಿಕೆಗೆ ಹಾಗೆ ಬರುತ್ತಿರಲಿಲ್ಲ.